ಚಿತ್ರಪ್ರಸರಣದಲ್ಲಿ ದತ್ತಾಂಶ ಸಂಕೋಚನ ವಿಧಾನಗಳು: ಒಂದು ತೌಲನಿಕ ವಿವೇಚನೆ

ಚಿತ್ರವೊಂದನ್ನು ದೂರದ ಸ್ಥಳಕ್ಕೆ ಕಳುಹಿಸುವುದೆಂದರೆ ಅಂಕೆಗಳ ದೀರ್ಘ ಸರಣಿಯೊಂದನ್ನು ಕಳುಹಿಸುವುದೇ ಆಗಿದೆ. ಗಣಕಯಂತ್ರವು ಚಿತ್ರವನ್ನು ಅತಿ ಸಣ್ಣ ಚೌಕಗಳ ಜಾಲವಾಗಿ ವಿಂಗಡಿಸಿ, ಪ್ರತಿಯೊಂದು ಚೌಕದ ಬೆಳಕು ಹಾಗೂ ಬಣ್ಣವನ್ನು ಸಂಖ್ಯೆಯಲ್ಲಿ ದಾಖಲಿಸುತ್ತದೆ. ಪಿಕ್ಸೆಲ್ ಎಂದು ಪ್ರಸಿದ್ಧವಾಗಿರುವ ಈ ಚೌಕವನ್ನು ಪ್ರಸ್ತುತ ಲೇಖನದಲ್ಲಿ ಚಿತ್ರಬಿಂದು ಎಂದು ಕರೆಯಲಾಗಿದೆ. ಎ4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಬಿಂದುಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಲಾಗಿ 2480, ಲಂಬವಾಗಿ 3508, ಒಟ್ಟು ಸುಮಾರು 87 ಲಕ್ಷ ಚಿತ್ರಬಿಂದುಗಳು ದೊರೆಯುತ್ತವೆ. ಬಣ್ಣದ ಚಿತ್ರದಲ್ಲಿ ಪ್ರತಿ ಬಿಂದುವಿಗೆ 24 ಬಿಟ್‌ಗಳು ಬೇಕಾಗುವುದರಿಂದ ಆ ಒಂದು ಪುಟದ ಗಾತ್ರ ಸುಮಾರು 2 ಕೋಟಿ 61 ಲಕ್ಷ ಬೈಟ್‌ಗಳಾಗುತ್ತದೆ. ಸೆಕೆಂಡಿಗೆ 56,000 ಬಿಟ್‌ಗಳನ್ನು ಸಾಗಿಸುತ್ತಿದ್ದ ದೂರವಾಣಿ ಮೋಡೆಮ್‌ನ ಮೂಲಕ ಇದನ್ನು ರವಾನಿಸಲು ಒಂದು ಗಂಟೆಗೂ ಮೀರಿದ ಕಾಲ ಬೇಕಾಗುತ್ತಿತ್ತು. ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳನ್ನು ಒಯ್ಯುವ ಸಂಪರ್ಕದಲ್ಲಿಯೂ 300 ಪುಟಗಳ ಗ್ರಂಥವೊಂದಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಆದ್ದರಿಂದ ರವಾನಿಸುವುದಕ್ಕೆ ಮೊದಲು ದತ್ತಾಂಶವನ್ನು ಕುಗ್ಗಿಸುವುದು ಅನಿವಾರ್ಯವಾಗುತ್ತದೆ.

ಈ ಕುಗ್ಗಿಸುವಿಕೆಗೆ ಹಲವು ವಿಧಾನಗಳಿವೆ. ಅವುಗಳನ್ನು ಹೋಲಿಸುವಾಗ ಯಾವುದು ಹೆಚ್ಚು ಕುಗ್ಗಿಸುತ್ತದೆ ಎಂಬ ಒಂದೇ ಅಳತೆಗೋಲನ್ನು ಬಳಸುವುದು ವಾಡಿಕೆ. ಆದರೆ ಗ್ರಂಥಾಲಯಗಳಿಗೂ ಸಂಶೋಧಕರಿಗೂ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ವಿಧಾನವು ತಪ್ಪು ಮಾಡಿದಾಗ ಆ ತಪ್ಪು ಓದುಗನ ಕಣ್ಣಿಗೆ ಬೀಳುತ್ತದೆಯೇ, ಅಥವಾ ಸರಿಯಾದ ಪಾಠದ ವೇಷದಲ್ಲಿ ಮರೆಯಾಗಿ ಉಳಿಯುತ್ತದೆಯೇ? ಪ್ರಮುಖ ವಿಧಾನಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

1. ಸಂಕೋಚನದ ತಳಹದಿ

ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಸಂವಹನದ ಗಣಿತ ಸಿದ್ಧಾಂತವು ಈ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಯಾವುದೇ ಸಂದೇಶದಲ್ಲಿ ಮೊದಲೇ ಊಹಿಸಬಹುದಾದ ಭಾಗವು ಹೊಸ ಮಾಹಿತಿಯನ್ನು ನೀಡುವುದಿಲ್ಲ. ಅನಿರೀಕ್ಷಿತವಾದ ಭಾಗವಷ್ಟೇ ಮಾಹಿತಿಯೆನಿಸುತ್ತದೆ. ಈ ಮಾಹಿತಿಯ ಪ್ರಮಾಣವನ್ನು ಅಳೆಯಲು ಶ್ಯಾನನ್ ಎಂಟ್ರೊಪಿ ಎಂಬ ಪರಿಮಾಣವನ್ನು ಬಳಸಿದನು. ಸಂದೇಶವನ್ನು ಅದರ ಎಂಟ್ರೊಪಿಗಿಂತ ಕಡಿಮೆ ಬಿಟ್‌ಗಳಿಗೆ ಇಳಿಸಿ, ಮತ್ತೆ ಯಥಾವತ್ತಾಗಿ ಪಡೆಯಲು ಸಾಧ್ಯವಿಲ್ಲವೆಂಬುದು ಆ ಸಿದ್ಧಾಂತದ ಒಂದು ಮುಖ್ಯ ಫಲಿತ.

ಚಿತ್ರಗಳಲ್ಲಿ ಊಹಿಸಬಹುದಾದ ಅಂಶ ಹೇರಳವಾಗಿದೆ. ಮುದ್ರಿತ ಪುಟದಲ್ಲಿ ಒಂದು ಬಿಂದು ಬಿಳಿಯಾಗಿದ್ದರೆ ಅದರ ಪಕ್ಕದ್ದೂ ಬಿಳಿಯಾಗಿರುವ ಸಂಭವವೇ ಹೆಚ್ಚು. ಛಾಯಾಚಿತ್ರದಲ್ಲಿ ಆಕಾಶದ ನೀಲಿಯು ಬಿಂದುವಿನಿಂದ ಬಿಂದುವಿಗೆ ಅತ್ಯಲ್ಪವಾಗಿ ಬದಲಾಗುತ್ತದೆ. ಇದಲ್ಲದೆ ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸಲಾರದು. ಮೊದಲನೆಯ ಗುಣವನ್ನು ಮಾತ್ರ ಬಳಸಿಕೊಂಡು, ಮೂಲವನ್ನು ಒಂದು ಬಿಟ್ಟೂ ತಪ್ಪದೆ ಮರಳಿಸುವ ವಿಧಾನಗಳನ್ನು ನಷ್ಟರಹಿತ ವಿಧಾನಗಳೆನ್ನಬಹುದು. ಕಣ್ಣಿನ ಮಿತಿಯನ್ನೂ ಬಳಸಿಕೊಂಡು, ಕಾಣದೆಂದು ಭಾವಿಸಲಾದ ವಿವರಗಳನ್ನು ಕೈಬಿಡುವ ವಿಧಾನಗಳು ನಷ್ಟಸಹಿತ ವಿಧಾನಗಳು.

2. ನಷ್ಟರಹಿತ ವಿಧಾನಗಳು

ಇವುಗಳಲ್ಲಿ ಅತ್ಯಂತ ಸರಳವಾದುದು ಓಟದ ಉದ್ದವನ್ನು ದಾಖಲಿಸುವ ಕ್ರಮ. ಒಂದು ಸಾಲಿನಲ್ಲಿ 200 ಬಿಳಿ, 6 ಕಪ್ಪು, 40 ಬಿಳಿ ಬಿಂದುಗಳಿದ್ದರೆ 246 ಬಿಂದುಗಳನ್ನು ಒಂದೊಂದಾಗಿ ಕಳುಹಿಸುವ ಬದಲು ಮೂರು ಸಂಖ್ಯೆಗಳನ್ನು ಕಳುಹಿಸಿದರೆ ಸಾಕು. ಬಣ್ಣಗಳು ಬಿಂದುವಿನಿಂದ ಬಿಂದುವಿಗೆ ಬದಲಾಗುವ ಛಾಯಾಚಿತ್ರದಲ್ಲಿ ಈ ಕ್ರಮದಿಂದ ಲಾಭವಿಲ್ಲ. ಕೆಲವೊಮ್ಮೆ ಗಾತ್ರ ಹೆಚ್ಚುವುದೂ ಉಂಟು.

ಎರಡನೆಯದು ಡೇವಿಡ್ ಹಫ್‌ಮನ್ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಂಡುಹಿಡಿದು 1952ರಲ್ಲಿ ಪ್ರಕಟಿಸಿದ ಸಂಕೇತಕ್ರಮ. ಪದೇ ಪದೇ ಬರುವ ಮೌಲ್ಯಕ್ಕೆ ಚಿಕ್ಕ ಸಂಕೇತವನ್ನೂ ಅಪರೂಪದ ಮೌಲ್ಯಕ್ಕೆ ದೊಡ್ಡ ಸಂಕೇತವನ್ನೂ ಕೊಡುವುದು ಇದರ ತತ್ತ್ವ. ನಾಲ್ಕು ಛಾಯೆಗಳ ಚಿತ್ರವೊಂದರಲ್ಲಿ ಮೊದಲ ಛಾಯೆ ಅರ್ಧದಷ್ಟು, ಎರಡನೆಯದು ಕಾಲುಭಾಗ, ಉಳಿದೆರಡು ತಲಾ ಎಂಟನೆಯ ಒಂದು ಭಾಗ ಇವೆಯೆಂದು ಭಾವಿಸೋಣ. ಸಮಾನ ಉದ್ದದ ಸಂಕೇತಗಳಾದರೆ ಪ್ರತಿ ಬಿಂದುವಿಗೆ 2 ಬಿಟ್ ಬೇಕು. ಅವಕ್ಕೆ ಕ್ರಮವಾಗಿ 0, 10, 110, 111 ಎಂಬ ಸಂಕೇತಗಳನ್ನಿತ್ತರೆ ಸರಾಸರಿ 1.75 ಬಿಟ್ ಸಾಕಾಗುತ್ತದೆ.

ಈ ಎರಡು ತತ್ತ್ವಗಳ ಸಂಯೋಗದಿಂದಲೇ ಫ್ಯಾಕ್ಸ್ ಯಂತ್ರ ಜನಸಾಮಾನ್ಯರ ಬಳಕೆಗೆ ಬಂದಿತು. 1980ರ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಗ್ರೂಪ್ 3 ಫ್ಯಾಕ್ಸ್‌ನ ಒಂದು ಸಾಲಿನಲ್ಲಿ 1728 ಬಿಂದುಗಳಿರುತ್ತವೆ. ಸಾಧಾರಣ ಸಾಂದ್ರತೆಯ ಒಂದು ಎ4 ಪುಟಕ್ಕೆ ಸುಮಾರು 20 ಲಕ್ಷ ಬಿಟ್‌ಗಳಾಗುತ್ತವೆ. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಇದನ್ನು ಕಳುಹಿಸಲು ಸುಮಾರು ಮೂರೂವರೆ ನಿಮಿಷ ಬೇಕು. ಏಳರಲ್ಲೊಂದಕ್ಕೆ ಕುಗ್ಗಿಸಿದರೆ ಅರ್ಧ ನಿಮಿಷ ಸಾಕು. 1984ರ ಗ್ರೂಪ್ 4 ಮಾನಕವು ಪ್ರತಿ ಸಾಲನ್ನು ಅದರ ಮೇಲಿನ ಸಾಲಿನೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಮಾತ್ರ ದಾಖಲಿಸುವ ಮೂಲಕ ಇನ್ನಷ್ಟು ಉಳಿತಾಯವನ್ನು ಸಾಧಿಸಿತು. ಮುದ್ರಿತ ಪುಟಗಳ ಕಪ್ಪು-ಬಿಳುಪು ಪ್ರತಿಗಳನ್ನು ಸಂಗ್ರಹಿಸುವಲ್ಲಿ ಈ ಕ್ರಮ ವ್ಯಾಪಕವಾಗಿ ಬಳಕೆಯಾಗಿದೆ.

ಮೂರನೆಯ ವರ್ಗವು ನಿಘಂಟು ಆಧಾರಿತ ವಿಧಾನಗಳದು. ಏಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ 1977 ಹಾಗೂ 1978ರಲ್ಲಿ ಇವನ್ನು ಪ್ರತಿಪಾದಿಸಿದರು. ಹಿಂದೆ ಬಂದ ಸರಣಿಯೊಂದು ಮತ್ತೆ ಬಂದಾಗ ಅದನ್ನು ಪೂರ್ಣವಾಗಿ ಬರೆಯದೆ ಹಿಂದಿನ ಸ್ಥಾನವನ್ನು ಸೂಚಿಸಿದರೆ ಸಾಕೆಂಬುದು ಇವುಗಳ ಹೊಳಹು. ಟೆರಿ ವೆಲ್ಚ್ 1984ರಲ್ಲಿ ಪರಿಷ್ಕರಿಸಿದ ಎಲ್‌ಝಡ್‌ಡಬ್ಲ್ಯು ಕ್ರಮವನ್ನು ಕಂಪ್ಯುಸರ್ವ್ ಸಂಸ್ಥೆ 1987ರಲ್ಲಿ ತನ್ನ ಜಿಐಎಫ್ ಚಿತ್ರರೂಪದಲ್ಲಿ ಅಳವಡಿಸಿತು. ಆ ಕ್ರಮದ ಮೇಲೆ ಯುನಿಸಿಸ್ ಸಂಸ್ಥೆಗೆ ಹಕ್ಕುಸ್ವಾಮ್ಯವಿದ್ದು, ಅದನ್ನು ಬಳಸುವ ತಂತ್ರಾಂಶಗಳಿಗೆ ಪರವಾನಗಿ ಶುಲ್ಕ ತೆರಬೇಕೆಂದು 1994ರ ಕೊನೆಯಲ್ಲಿ ಪ್ರಕಟವಾದಾಗ ಮುಕ್ತ ಪರ್ಯಾಯವೊಂದರ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಅದರ ಫಲವಾಗಿ 1996ರಲ್ಲಿ ಪಿಎನ್‌ಜಿ ರೂಪ ಸಿದ್ಧವಾಯಿತು. ಇದು ಪ್ರತಿ ಬಿಂದುವನ್ನು ಎಡಗಡೆಯ ಮತ್ತು ಮೇಲಿನ ಬಿಂದುಗಳಿಂದ ಊಹಿಸಿ, ಊಹೆಗೂ ವಾಸ್ತವಕ್ಕೂ ಇರುವ ಅಂತರವನ್ನು ಮಾತ್ರ ನಿಘಂಟು ಹಾಗೂ ಹಫ್‌ಮನ್ ಕ್ರಮಗಳಿಂದ ಕುಗ್ಗಿಸುತ್ತದೆ. ಜಿಐಎಫ್ ಒಂದು ಚೌಕಟ್ಟಿನಲ್ಲಿ 256 ಬಣ್ಣಗಳಿಗೆ ಸೀಮಿತವಾದುದರಿಂದ, ಅದರ ಸಂಕೋಚನ ನಷ್ಟರಹಿತವಾಗಿದ್ದರೂ ಛಾಯಾಚಿತ್ರವನ್ನು ಆ ರೂಪಕ್ಕೆ ತರುವಾಗಲೇ ಬಣ್ಣಗಳು ಕಳೆದುಹೋಗುತ್ತವೆ. ಪಿಎನ್‌ಜಿಗೆ ಈ ಮಿತಿಯಿಲ್ಲ. ನಕಾಶೆ, ರೇಖಾಚಿತ್ರ, ಅಕ್ಷರಫಲಕಗಳಿಗೆ ಅದು ಬಹಳ ಅನುಕೂಲ. ಛಾಯಾಚಿತ್ರಗಳಲ್ಲಾದರೋ ನಷ್ಟರಹಿತ ವಿಧಾನಗಳಿಂದ ಸಾಮಾನ್ಯವಾಗಿ ಅರ್ಧದಷ್ಟು ಉಳಿತಾಯವಾದರೆ ಅದೇ ಹೆಚ್ಚು.

3. ನಷ್ಟಸಹಿತ ವಿಧಾನಗಳು

ಛಾಯಾಚಿತ್ರಗಳ ಪ್ರಸರಣದಲ್ಲಿ ಕ್ರಾಂತಿಯನ್ನುಂಟುಮಾಡಿದ ಗಣಿತ ಸಾಧನಕ್ಕೆ ಕರ್ನಾಟಕದ ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಯು.ವಿ.ಸಿ.ಇ. ಎಂದು ಪ್ರಸಿದ್ಧವಾದ ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದ ನಾಸಿರ್ ಅಹ್ಮದ್ ಅವರು ಅಮೆರಿಕದ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಕೊಸೈನ್ ಫಲನಗಳನ್ನು ಆಧರಿಸಿದ ರೂಪಾಂತರವೊಂದರ ಅಧ್ಯಯನಕ್ಕಾಗಿ ಅವರು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಲ್ಲಿಸಿದ ಯೋಜನೆಗೆ ಅನುದಾನ ದೊರೆಯಲಿಲ್ಲ. ಆದರೂ ಅವರು ಆ ಕೆಲಸವನ್ನು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಅವರು 1974ರಲ್ಲಿ ಪ್ರಕಟಿಸಿದ ಕಿರುಪ್ರಬಂಧವು ವಿವಿಕ್ತ ಕೊಸೈನ್ ರೂಪಾಂತರವನ್ನು ಲೋಕಕ್ಕೆ ಪರಿಚಯಿಸಿತು.

1986ರಲ್ಲಿ ರೂಪುಗೊಂಡ ತಜ್ಞರ ಸಮಿತಿಯೊಂದು ಇದೇ ರೂಪಾಂತರವನ್ನು ಆಧರಿಸಿ ಸಿದ್ಧಪಡಿಸಿದ ಮಾನಕವು 1992ರಲ್ಲಿ ಅಂಗೀಕೃತವಾಯಿತು. ಸಮಿತಿಯ ಹೆಸರಿನಿಂದಲೇ ಅದು ಜೆಪೆಗ್ ಎನಿಸಿಕೊಂಡಿದೆ. ಅದರ ಕಾರ್ಯವಿಧಾನ ಹೀಗಿದೆ: ಮೊದಲು ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸಿ, ಬಣ್ಣದ ವಿವರವನ್ನು ಸಾಮಾನ್ಯವಾಗಿ ನಾಲ್ಕರಲ್ಲೊಂದು ಭಾಗಕ್ಕೆ ಇಳಿಸಲಾಗುತ್ತದೆ. ಇಷ್ಟರಿಂದಲೇ ಚಿತ್ರ ಅರ್ಧಕ್ಕೆ ಕುಗ್ಗುತ್ತದೆ. ಬಳಿಕ ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕದ 64 ಮೌಲ್ಯಗಳನ್ನು ಕೊಸೈನ್ ರೂಪಾಂತರದಿಂದ 64 ಗುಣಾಂಕಗಳಾಗಿ ಪರಿವರ್ತಿಸಲಾಗುತ್ತದೆ. ಮೊದಲ ಗುಣಾಂಕ ಇಡೀ ಚೌಕದ ಸರಾಸರಿ ಬೆಳಕನ್ನು ಸೂಚಿಸಿದರೆ, ಮುಂದಿನವು ಹೆಚ್ಚು ಹೆಚ್ಚು ಸೂಕ್ಷ್ಮವಾದ ಏರಿಳಿತಗಳನ್ನು ಸೂಚಿಸುತ್ತವೆ. ಪ್ರತಿ ಗುಣಾಂಕವನ್ನು ನಿಗದಿತ ಸಂಖ್ಯೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ತಂದಾಗ ಸೂಕ್ಷ್ಮ ಏರಿಳಿತಗಳ ಗುಣಾಂಕಗಳು ಬಹುಪಾಲು ಸೊನ್ನೆಯಾಗುತ್ತವೆ. ಸೊನ್ನೆಗಳ ಓಟವನ್ನು ಎಣಿಸಿ, ಉಳಿದುದಕ್ಕೆ ಹಫ್‌ಮನ್ ಸಂಕೇತ ನೀಡಿದರೆ ಕಾರ್ಯ ಮುಗಿಯಿತು. ಛಾಯಾಚಿತ್ರವೊಂದನ್ನು ಹತ್ತರಲ್ಲೊಂದು ಭಾಗಕ್ಕೆ ಕುಗ್ಗಿಸಿದರೂ ಸಾಮಾನ್ಯ ನೋಟಕ್ಕೆ ವ್ಯತ್ಯಾಸ ಕಾಣುವುದು ಕಡಿಮೆ.

ಈ ವರ್ಗದ ವಿಧಾನಗಳ ಶಕ್ತಿಗೆ ಗೆಲಿಲಿಯೊ ಗಗನನೌಕೆಯ ವೃತ್ತಾಂತ ಉತ್ತಮ ನಿದರ್ಶನ. 1989ರಲ್ಲಿ ಗುರುಗ್ರಹದತ್ತ ಹೊರಟ ಈ ನೌಕೆಯ ಮುಖ್ಯ ಆಂಟೆನಾ 1991ರಲ್ಲಿ ಪೂರ್ಣವಾಗಿ ತೆರೆದುಕೊಳ್ಳಲಿಲ್ಲ. ಸೆಕೆಂಡಿಗೆ 1,34,000 ಬಿಟ್‌ಗಳನ್ನು ಕಳುಹಿಸಬೇಕಾಗಿದ್ದ ನೌಕೆಯು ಚಿಕ್ಕ ಆಂಟೆನಾದ ಮೂಲಕ, ಭೂಮಿಯ ಮೇಲಿನ ಗ್ರಾಹಕಗಳನ್ನು ಸುಧಾರಿಸಿದ ನಂತರವೂ, ಗರಿಷ್ಠ 160 ಬಿಟ್‌ಗಳನ್ನಷ್ಟೇ ಕಳುಹಿಸಬಲ್ಲದಾಗಿತ್ತು. ಅದರ ಕ್ಯಾಮೆರಾದ ಒಂದು ಚಿತ್ರದಲ್ಲಿ 800×800 ಬಿಂದುಗಳಿದ್ದು, ಬಿಂದುವಿಗೆ 8 ಬಿಟ್‌ಗಳಂತೆ 51,20,000 ಬಿಟ್‌ಗಳಾಗುತ್ತಿದ್ದವು. ಮೊದಲ ಯೋಜನೆಯಂತೆ 38 ಸೆಕೆಂಡುಗಳಲ್ಲಿ ತಲುಪಬೇಕಾದ ಚಿತ್ರಕ್ಕೆ ಹೊಸ ಪರಿಸ್ಥಿತಿಯಲ್ಲಿ ಸುಮಾರು ಒಂಬತ್ತು ಗಂಟೆ ಬೇಕಿತ್ತು. ಕೊಸೈನ್ ರೂಪಾಂತರದ ಪೂರ್ಣಾಂಕ ರೂಪವೊಂದನ್ನು ಆಧರಿಸಿದ ಸಂಕೋಚನ ತಂತ್ರಾಂಶವನ್ನು ಭೂಮಿಯಿಂದಲೇ ನೌಕೆಗೆ ರವಾನಿಸಿ ಅಳವಡಿಸಲಾಯಿತು. ಹತ್ತರಲ್ಲೊಂದು ಭಾಗಕ್ಕೆ ಕುಗ್ಗಿದ ಚಿತ್ರವನ್ನು ಒಂದು ಗಂಟೆಯೊಳಗೆ ಕಳುಹಿಸುವುದು ಇದರಿಂದ ಸಾಧ್ಯವಾಯಿತು. ಇಲ್ಲಿ ಸ್ವಲ್ಪ ವಿವರದ ನಷ್ಟವನ್ನು ಒಪ್ಪದಿದ್ದರೆ ಬಹುಪಾಲು ಚಿತ್ರಗಳೇ ದೊರೆಯುತ್ತಿರಲಿಲ್ಲ.

2000ದಲ್ಲಿ ಸಿದ್ಧವಾದ ಜೆಪೆಗ್ 2000 ಮಾನಕವು ಚೌಕಗಳ ವಿಭಜನೆಯನ್ನು ಬಿಟ್ಟು ವೇವ್ಲೆಟ್ ಎಂಬ ಕಿರುತರಂಗಗಳ ರೂಪಾಂತರವನ್ನು ಆಶ್ರಯಿಸಿತು. ಅತಿಯಾಗಿ ಕುಗ್ಗಿಸಿದ ಜೆಪೆಗ್ ಚಿತ್ರದಲ್ಲಿ ಚೌಕಗಳ ಅಂಚುಗಳು ಕಾಣಿಸಿಕೊಳ್ಳುತ್ತವೆ. ವೇವ್ಲೆಟ್ ಚಿತ್ರವು ಅಂತಹ ಸಂದರ್ಭದಲ್ಲಿ ಮಸುಕಾಗುತ್ತದೆ. ಒಂದೇ ಮಾನಕದಲ್ಲಿ ನಷ್ಟರಹಿತ ಹಾಗೂ ನಷ್ಟಸಹಿತ ಮಾರ್ಗಗಳೆರಡೂ ಇರುವುದು ಇದರ ವೈಶಿಷ್ಟ್ಯ. ಡಿಜಿಟಲ್ ಚಲನಚಿತ್ರ ವಿತರಣೆಯಲ್ಲಿ ಹಾಗೂ ಆಧಾರ್‌ನ ಸುರಕ್ಷಿತ ಕ್ಯೂಆರ್ ಸಂಕೇತದೊಳಗಿನ ಭಾವಚಿತ್ರದಲ್ಲಿ ಇದು ಬಳಕೆಯಲ್ಲಿದೆ. ಆದರೆ ಹೆಚ್ಚಿನ ಗಣನೆಯನ್ನು ಬೇಡುವುದರಿಂದಲೂ ಅಂತರಜಾಲ ತಂತ್ರಾಂಶಗಳ ಬೆಂಬಲ ವ್ಯಾಪಕವಾಗಿ ದೊರೆಯದುದರಿಂದಲೂ ಜೆಪೆಗ್‌ನ ಸ್ಥಾನವನ್ನು ಇದು ಪಡೆಯಲಿಲ್ಲ.

4. ಪ್ರಸರಣ ಮಾರ್ಗದಲ್ಲಿನ ದೋಷಗಳು

ಕುಗ್ಗಿಸಿದ ದತ್ತಾಂಶವು ಮಾರ್ಗಮಧ್ಯದ ದೋಷಗಳಿಗೆ ಹೆಚ್ಚು ಸುಲಭವಾಗಿ ತುತ್ತಾಗುತ್ತದೆ. ಕುಗ್ಗಿಸದ ಚಿತ್ರದಲ್ಲಿ ಒಂದು ಬಿಟ್ ಕೆಟ್ಟರೆ ಒಂದು ಬಿಂದು ಮಾತ್ರ ಕೆಡುತ್ತದೆ. ಹಫ್‌ಮನ್ ಸಂಕೇತಗಳ ಉದ್ದ ಒಂದೇ ಸಮನಾಗಿಲ್ಲದುದರಿಂದ ಒಂದು ಬಿಟ್ ಕೆಟ್ಟರೆ ಮುಂದಿನ ಸಂಕೇತಗಳ ಗಡಿಗಳೇ ತಪ್ಪಿಹೋಗಬಹುದು. ಇದನ್ನು ಮನಗಂಡೇ ಗ್ರೂಪ್ 3 ಫ್ಯಾಕ್ಸ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ವಿಶಿಷ್ಟವಾದ ಗುರುತೊಂದನ್ನು ಸೇರಿಸಲಾಯಿತು. ಗದ್ದಲವಿರುವ ದೂರವಾಣಿ ತಂತಿಯಲ್ಲಿ ಒಂದು ಸಾಲು ಕೆಟ್ಟರೂ ಯಂತ್ರವು ಮುಂದಿನ ಗುರುತಿನಲ್ಲಿ ಚೇತರಿಸಿಕೊಳ್ಳುತ್ತಿತ್ತು. ಗ್ರೂಪ್ 4ರಲ್ಲಿ ಮಾರ್ಗವು ದೋಷರಹಿತವೆಂದೇ ಭಾವಿಸಿ ಈ ಗುರುತನ್ನು ಕೈಬಿಡಲಾಗಿದೆ. ಅದರ ಹೆಚ್ಚಿನ ಸಂಕೋಚನಕ್ಕೆ ತೆತ್ತ ಬೆಲೆಗಳಲ್ಲಿ ಇದೂ ಒಂದು. ಜೆಪೆಗ್‌ನಲ್ಲಿ ಪುನರಾರಂಭದ ಗುರುತುಗಳನ್ನು ಇಡಲು ಅವಕಾಶವಿದೆ.

ನಿಧಾನವಾದ ಮಾರ್ಗಗಳಲ್ಲಿ ಚಿತ್ರವು ಯಾವ ಕ್ರಮದಲ್ಲಿ ತಲುಪುತ್ತದೆ ಎಂಬುದೂ ಮುಖ್ಯ. ಪಿಎನ್‌ಜಿಯಲ್ಲಿ ಏಳು ಹಂತಗಳ ಕ್ರಮವೊಂದಿದ್ದು, ಅದರ ಮೊದಲ ಹಂತದಲ್ಲಿ ಬಿಂದುಗಳ ಅರವತ್ತನಾಲ್ಕನೆಯ ಒಂದು ಭಾಗ ಮಾತ್ರ ಬರುತ್ತದೆ. ಜೆಪೆಗ್‌ನ ಪ್ರಗತಿಶೀಲ ರೂಪವೂ ಜೆಪೆಗ್ 2000 ಸಹ ಮೊದಲು ಸ್ಥೂಲರೂಪವನ್ನು, ಬಳಿಕ ಸೂಕ್ಷ್ಮ ವಿವರಗಳನ್ನು ಒದಗಿಸಬಲ್ಲವು. ದೊಡ್ಡ ನಕಾಶೆಯೊಂದರ ಬೇಕಾದ ಭಾಗವನ್ನಷ್ಟೇ ತರಿಸಿಕೊಳ್ಳಲು ಇವುಗಳಲ್ಲಿ ಜೆಪೆಗ್ 2000 ಹೆಚ್ಚು ಅನುಕೂಲ.

5. ಅಕ್ಷರಚಿತ್ರಗಳ ವಿಶೇಷ ಸಮಸ್ಯೆ

ಇದುವರೆಗೆ ಹೇಳಿದ ನಷ್ಟಸಹಿತ ವಿಧಾನಗಳಲ್ಲಿ ನಷ್ಟವು ಮಸುಕಾಗಿ, ಚೌಕಗಳಾಗಿ ಅಥವಾ ಅಕ್ಷರದ ಸುತ್ತಲಿನ ಕಲೆಗಳಾಗಿ ತೋರಿಕೊಳ್ಳುತ್ತದೆ. ಓದುಗನಿಗೆ ಸಂಶಯ ಹುಟ್ಟುತ್ತದೆ. ಅವನು ಮೂಲವನ್ನು ಅರಸುತ್ತಾನೆ. ಆದರೆ ಇದಕ್ಕಿಂತ ಭಿನ್ನವಾದ ನಷ್ಟವೂ ಉಂಟು.

2000ದಲ್ಲಿ ಬಂದ ಜೆಬಿಗ್ 2 ಎಂಬ ಕಪ್ಪು-ಬಿಳುಪು ಚಿತ್ರಗಳ ಮಾನಕದಲ್ಲಿ ಪುಟದ ಮೇಲಿನ ಅಕ್ಷರರೂಪಗಳನ್ನು ಬೇರ್ಪಡಿಸಿ, ಒಂದನ್ನೊಂದು ಹೋಲುವ ರೂಪಗಳಿಗೆ ಒಂದೇ ಮಾದರಿಯನ್ನು ಉಳಿಸಿಕೊಳ್ಳುವ ಅವಕಾಶವಿದೆ. ಪುಟದಲ್ಲಿ 'ರ' ಅಕ್ಷರ 60 ಸಲ ಬಂದಿದ್ದರೆ ಒಂದು 'ರ' ಚಿತ್ರವನ್ನೂ 60 ಸ್ಥಾನಗಳನ್ನೂ ದಾಖಲಿಸಿದರೆ ಸಾಕು. ಮಾದರಿಗೂ ಮೂಲಕ್ಕೂ ಇರುವ ವ್ಯತ್ಯಾಸವನ್ನು ಜೊತೆಗೆ ದಾಖಲಿಸಿದರೆ ಇದು ನಷ್ಟರಹಿತವಾಗಿಯೇ ಉಳಿಯುತ್ತದೆ. ಹಾಗೆ ಮಾಡದೆ ಮಾದರಿಯನ್ನು ನೇರವಾಗಿ ಮೂಲದ ಸ್ಥಾನದಲ್ಲಿ ಕೂರಿಸಿದಾಗ ಅಪಾಯ ತಲೆದೋರುತ್ತದೆ.

2013ರಲ್ಲಿ ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಜೆಲ್ ಈ ಅಪಾಯವನ್ನು ಬಯಲಿಗೆ ತಂದರು. ಝೆರಾಕ್ಸ್ ಸಂಸ್ಥೆಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯೊಂದರಲ್ಲಿ 21.11 ಮತ್ತು 17.42 ಚದರ ಮೀಟರ್ ವಿಸ್ತೀರ್ಣದ ಕೋಣೆಗಳೆರಡೂ 14.13 ಚದರ ಮೀಟರ್ ಎಂದು ಕಾಣಿಸಿಕೊಂಡಿದ್ದವು. ಅಂಕೆಗಳು ಮಸುಕಾಗಿರಲಿಲ್ಲ, ಸ್ಪಷ್ಟವಾಗಿ, ಅಂದವಾಗಿ, ತಪ್ಪಾಗಿದ್ದವು. ಸಂಸ್ಥೆಯು ಬಳಿಕ ಸರಿಪಡಿಸಿದ ತಂತ್ರಾಂಶವನ್ನು ಹೊರತಂದಿತು. ಮೂಲ ಕಾಗದಕ್ಕೆ ಬದಲಾಗಿ ಸ್ಕ್ಯಾನ್ ಪ್ರತಿಯನ್ನೇ ಉಳಿಸಿಕೊಳ್ಳುವ ಸಂದರ್ಭಗಳಲ್ಲಿ ಜೆಬಿಗ್ 2 ಬಳಸಬಾರದೆಂದು ಜರ್ಮನಿಯ ಮಾಹಿತಿ ಭದ್ರತಾ ಕಚೇರಿ 2015ರಲ್ಲಿ ಸೂಚಿಸಿತು.

ಕನ್ನಡದಂತಹ ಲಿಪಿಗೆ ಈ ಎಚ್ಚರಿಕೆ ಹೆಚ್ಚು ಸಲ್ಲುತ್ತದೆ. ದ ಮತ್ತು ಧ ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ. ಪ ಮತ್ತು ಷ, ಬ ಮತ್ತು ಭ, ಧ ಮತ್ತು ಥ ಇವುಗಳ ಭೇದವೂ ಒಂದು ಗೆರೆ ಇಲ್ಲವೆ ಬಿಂದುವಿನಷ್ಟು. 'ದನ' ಎಂಬುದು 'ಧನ'ವಾದರೆ ವಾಕ್ಯ ಅರ್ಥಹೀನವಾಗದೆ ಬೇರೆಯೇ ಅರ್ಥವನ್ನು ಕೊಡುತ್ತದೆ. ಮುಂದೆ ಆ ಪ್ರತಿಯನ್ನು ಆಧರಿಸಿ ಪಾಠಾಂತರಗಳನ್ನು ಗುರುತಿಸುವ ಸಂಪಾದಕನಿಗೆ ಯಂತ್ರದ ತಪ್ಪು ಲಿಪಿಕಾರನ ತಪ್ಪಿನಂತೆ ತೋರಬಹುದು.

ಗುಣಮಟ್ಟವನ್ನು ಅಳೆಯುವ ರೂಢಿಯ ಮಾನದಂಡಗಳು ಇಂತಹ ದೋಷವನ್ನು ಹಿಡಿಯಲಾರವು. ಸಂಕೇತ-ಗದ್ದಲಗಳ ಗರಿಷ್ಠ ಅನುಪಾತವನ್ನು ಡೆಸಿಬೆಲ್‌ಗಳಲ್ಲಿ ಹೇಳುವುದು ವಾಡಿಕೆ. ಉತ್ತಮವೆನಿಸುವ ಜೆಪೆಗ್ ಚಿತ್ರಗಳಲ್ಲಿ ಅದು ಸಾಮಾನ್ಯವಾಗಿ 30ರಿಂದ 40ರ ಆಸುಪಾಸಿನಲ್ಲಿರುತ್ತದೆ. 87 ಲಕ್ಷ ಬಿಂದುಗಳ ಕಪ್ಪು-ಬಿಳುಪು ಪುಟದಲ್ಲಿ 'ಧ'ಕಾರದ ಸೀಳಿನ 20 ಬಿಂದುಗಳು ಮಾತ್ರ ಬದಲಾದರೆ ಈ ಅನುಪಾತ ಸುಮಾರು 56 ಡೆಸಿಬೆಲ್ ಆಗುತ್ತದೆ. ಅಂದರೆ ಅರ್ಥ ಕೆಟ್ಟ ಪುಟವು ಅರ್ಥ ಕೆಡದ ಜೆಪೆಗ್ ಪುಟಕ್ಕಿಂತ ಹೆಚ್ಚು ಅಂಕ ಪಡೆಯುತ್ತದೆ. ಸರಾಸರಿಯು ಅಕ್ಷರವನ್ನು ಓದಲಾರದು.

ಸಂಕೋಚನಕ್ಕೆ ಮೊದಲೇ ಆಗುವ ನಷ್ಟವನ್ನೂ ಇಲ್ಲಿ ಪರಿಗಣಿಸಬೇಕು. ಓಲೆಗರಿಯ ಚಿತ್ರವನ್ನು ಕೇವಲ ಕಪ್ಪು-ಬಿಳುಪಿಗೆ ಇಳಿಸಿದಾಗ ಕಂಠಪತ್ರದಿಂದ ಕೊರೆದು ಮಸಿ ತುಂಬಿದ ಅನುಸ್ವಾರಕ್ಕೂ ಹುಳು ಕೊರೆದ ರಂಧ್ರಕ್ಕೂ ಇರುವ ಬಣ್ಣದ ಭೇದ ಅಳಿಸಿಹೋಗಬಹುದು. ಅನಂತರ ಗ್ರೂಪ್ 4 ಕ್ರಮವು ಅದನ್ನು ಎಷ್ಟೇ ನಿಷ್ಠೆಯಿಂದ ಕಾಪಾಡಿದರೂ, ಕಾಪಾಡುವುದು ಈಗಾಗಲೇ ಬಡವಾದ ಪ್ರತಿಯನ್ನು.

6. ಉಪಸಂಹಾರ

ಹೊಸ ವಿಧಾನಗಳು ಇಂದಿಗೂ ಬರುತ್ತಲೇ ಇವೆ. 2010ರ ವೆಬ್‌ಪಿ, 2019ರ ಎವಿಐಎಫ್, 2022ರಲ್ಲಿ ಮಾನಕವಾದ ಜೆಪೆಗ್ ಎಕ್ಸ್‌ಎಲ್ ಇವು ಜೆಪೆಗ್‌ಗಿಂತ ಹೆಚ್ಚಿನ ಉಳಿತಾಯವನ್ನು ಸಾಧಿಸಿವೆ. ಈಗಾಗಲೇ ಇರುವ ಜೆಪೆಗ್ ಕಡತವನ್ನು ಇನ್ನಷ್ಟು ನಷ್ಟವಿಲ್ಲದೆ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗಿಸುವ ಸಾಮರ್ಥ್ಯ ಜೆಪೆಗ್ ಎಕ್ಸ್‌ಎಲ್‌ಗಿದೆ. 2025ರಲ್ಲಿ ಪ್ರಕಟವಾದ ಜೆಪೆಗ್ ಎಐ ಮಾನಕವು, ಅಸಂಖ್ಯ ಚಿತ್ರಗಳಿಂದ ಕಲಿತ ನರಜಾಲಗಳನ್ನು ಈ ಕಾರ್ಯಕ್ಕೆ ಬಳಸುತ್ತದೆ. ಕಲಿತ ವಿಧಾನವು ಇಲ್ಲದ ವಿವರವನ್ನು ಸಂಭಾವ್ಯವಾದ ವಿವರದಿಂದ ತುಂಬಬಲ್ಲದು. ಆದ್ದರಿಂದ ಜೆಬಿಗ್ 2 ಕಲಿಸಿದ ಪಾಠವನ್ನು ಇಲ್ಲಿಯೂ ಮರೆಯುವಂತಿಲ್ಲ.

ಮೇಲಿನ ವಿವೇಚನೆಯಿಂದ ಸರ್ವಶ್ರೇಷ್ಠವಾದ ವಿಧಾನವೊಂದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ರೇಖಾಚಿತ್ರ ಮತ್ತು ನಕಾಶೆಗಳಿಗೆ ಪಿಎನ್‌ಜಿ, ಶುದ್ಧ ಕಪ್ಪು-ಬಿಳುಪು ಪುಟಗಳಿಗೆ ಗ್ರೂಪ್ 4 ಅಥವಾ ಜೆಬಿಗ್ 2ರ ನಷ್ಟರಹಿತ ಮಾರ್ಗ, ಓದುಗರಿಗೆ ಕಳುಹಿಸುವ ಛಾಯಾಚಿತ್ರಗಳಿಗೆ ಜೆಪೆಗ್ ಹಾಗೂ ಅದರ ಉತ್ತರಾಧಿಕಾರಿಗಳು, ಹಸ್ತಪ್ರತಿಗಳ ಮೂಲಪ್ರತಿಗೆ ಬಣ್ಣದಲ್ಲಿ ನಷ್ಟರಹಿತ ಸಂಗ್ರಹ ಎಂಬ ವಿಂಗಡಣೆಯನ್ನು ಗ್ರಂಥಾಲಯಗಳು ಅನುಸರಿಸಬಹುದು. ಪ್ರಸರಣಕ್ಕಾಗಿ ಕುಗ್ಗಿಸಿದ ಪ್ರತಿಯನ್ನು ಮೂಲಪ್ರತಿಯಿಂದ ಮತ್ತೆ ಮತ್ತೆ ತಯಾರಿಸಬಹುದು. ಕುಗ್ಗಿಸಿದ ಪ್ರತಿಯಿಂದ ಮೂಲವನ್ನು ಮರಳಿ ಪಡೆಯಲಾಗದು. ಜೊತೆಗೆ ಪ್ರತಿಯೊಂದು ಕಡತದೊಡನೆ ಅದನ್ನು ಯಾವ ವಿಧಾನದಿಂದ, ಯಾವ ಮಟ್ಟಕ್ಕೆ ಕುಗ್ಗಿಸಲಾಗಿದೆ ಎಂಬ ವಿವರವನ್ನು ದಾಖಲಿಸುವುದು ಅಗತ್ಯ. ಹಸ್ತಪ್ರತಿಯ ಲಿಪಿಕಾರನ ಹೆಸರು, ಕಾಲ, ದೇಶಗಳನ್ನು ಸಂಪಾದಕರು ವಿಚಾರಿಸುವಂತೆ ಮುಂದಿನ ಸಂಶೋಧಕರು ಯಂತ್ರಪ್ರತಿಯ ಈ ವಿವರಗಳನ್ನೂ ವಿಚಾರಿಸುವರು. ಅವರಿಗೆ ಉತ್ತರ ದೊರೆಯುವಂತೆ ನೋಡಿಕೊಳ್ಳುವುದು ಇಂದು ಸ್ಕ್ಯಾನ್ ಮಾಡುತ್ತಿರುವ ಸಂಸ್ಥೆಗಳ ಹೊಣೆ.